ಹಿಟ್ಟಿನ ಹುಂಜ ಮತ್ತು ಬಣ್ಣದ ನೆತ್ತರು

ಕೊಲೆಯ ಚಿತ್ರಗಳ ಪ್ರಸ್ತಾಪ ಬಂದಾಗಲೆಲ್ಲ ಜೈನ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಹಿರಿಯರ ಮಾತು: ‘ಅದನ್ನು ನೋಡುವುದೇ ಪಾಪ. ಮಕ್ಕಳು ನೋಡಕೂಡದೆಂದು ಟ್ರಸ್ಟಿನವರು ಒಂದು ನಿರ್ಣಯ ಮಾಡಿಬಿಡಲಿ.’ ಕಿರಿಯರ ಮಾತು: ‘ಅಲ್ಲಿ ಸತ್ತವರು ಯಾರೂ ಇಲ್ಲ. ಅದು ರಕ್ತವಲ್ಲ, ಬಣ್ಣದ ನೀರು.’ ಈ ಎರಡು ಮಾತುಗಳೂ ಆಡಿದವರಿಗೆ ಮುಂದೆ ವಿಚಾರಮಾಡುವ ಶ್ರಮವನ್ನು ತಪ್ಪಿಸುತ್ತವೆ. ಆದುದರಿಂದಲೇ ಅವು ಇಷ್ಟು ಕಾಲ ಬಾಳಿವೆ. ಶಾಸ್ತ್ರದ ಮುಂದೆ ನಿಲ್ಲಿಸಿದರೆ ಎರಡೂ ನಿಲ್ಲಲಾರವು.

ಇಲ್ಲಿ ಹೇಳುತ್ತಿರುವುದು ಎಲ್ಲ ಹೊಡೆದಾಟದ ಚಿತ್ರಗಳನ್ನು ಕುರಿತಲ್ಲ. ಇಂಗ್ಲಿಷಿನಲ್ಲಿ ಸ್ಲ್ಯಾಷರ್ ಎಂದು ಕರೆಯುವ ಒಂದು ಜಾತಿಯ ಚಿತ್ರವಿದೆ. ಮುಖವಾಡ ಧರಿಸಿದ ಅಥವಾ ಮುಖವೇ ಕಾಣಿಸದ ಕೊಲೆಗಾರನೊಬ್ಬ. ಮನೆಯಿಂದ ದೂರ ಬಂದ ನಾಲ್ಕಾರು ಎಳೆಯರು. ಒಂದು ಚೂರಿ ಅಥವಾ ಮಚ್ಚು. ಒಬ್ಬೊಬ್ಬರಾಗಿ ಎಲ್ಲರೂ ಸಾಯುವುದು, ಕೊನೆಗೆ ಒಬ್ಬಳು ಉಳಿಯುವುದು. ಕಥೆ ಎಂದರೆ ಇಷ್ಟೆ. ಇದಕ್ಕೆ ದೊಡ್ಡ ನಟರು ಬೇಡ, ಅರಮನೆಯ ಸೆಟ್ಟು ಬೇಡ. ಒಂದು ಮನೆ, ಒಂದು ಕಾಡು, ಕೆಲವು ವಾರಗಳ ಚಿತ್ರೀಕರಣ ಸಾಕು. ಸ್ವಲ್ಪ ಬಂಡವಾಳದಲ್ಲಿ, ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ಸ್ವತಂತ್ರವಾಗಿ ತೆಗೆಯಬಹುದಾದ ಚಿತ್ರಗಳಲ್ಲಿ ಇದಕ್ಕೆ ಮೊದಲ ಸಾಲಿನಲ್ಲಿಯೇ ಸ್ಥಾನ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಂತಹ ಊರುಗಳಿಗೆ ಈ ಜಾತಿ ಹೊಸದಲ್ಲ. ಆಂಧ್ರದ ಗಡಿ ಕೂಗಳತೆಯಲ್ಲಿರುವ ಈ ಸೀಮೆಯಲ್ಲಿ ಕನ್ನಡದಷ್ಟೇ ತೆಲುಗು ಚಿತ್ರಗಳೂ ಓಡಿವೆ. ಇಂತಹ ಸಣ್ಣ ಊರುಗಳ ಪ್ರೇಕ್ಷಕರನ್ನು ನೆಚ್ಚಿಯೇ ರಾಮ್ಸೆ ಸಹೋದರರು 1972ರ ‘ದೋ ಗಜ್ ಜಮೀನ್ ಕೆ ನೀಚೆ’ಯಿಂದ ಹಿಡಿದು 1984ರ ‘ಪುರಾನಾ ಮಂದಿರ್’ವರೆಗೆ ತಮ್ಮ ಅಗ್ಗದ ಭಯದ ಚಿತ್ರಗಳನ್ನು ಮಾರಿದರು. ಆಮೇಲೆ ವಿಡಿಯೋ ಕ್ಯಾಸೆಟ್ಟಿನ ಅಂಗಡಿಗಳು ಬಂದುವು, ಕೇಬಲ್ ಬಂದಿತು. ಈಗ ಚಿತ್ರಮಂದಿರವೂ ಬೇಡ, ಕ್ಯಾಸೆಟ್ಟೂ ಬೇಡ. ಸಂಜೆ ಅಂಗಡಿಯ ಗಲ್ಲಾದ ಹಿಂದೆ ಕುಳಿತ ಹದಿನಾರರ ಹುಡುಗನ ಅಂಗೈಯಲ್ಲಿಯೇ ಎಲ್ಲವೂ ಇದೆ. ತಂದೆ ಲೆಕ್ಕ ಬರೆಯುತ್ತಿರುವಾಗ ಮಗ ಯಾವುದನ್ನು ನೋಡುತ್ತಿದ್ದಾನೆಂಬುದು ತಂದೆಗೆ ತಿಳಿಯದು. ಟ್ರಸ್ಟಿನ ನಿರ್ಣಯವಂತೂ ಅಲ್ಲಿಗೆ ತಲಪುವುದೇ ಇಲ್ಲ.

ಮೊದಲು ಕಿರಿಯರ ಮಾತನ್ನು ಪರಿಶೀಲಿಸಬೇಕು. ಏಕೆಂದರೆ ಅದಕ್ಕೆ ಉತ್ತರ ಎಂಟುನೂರು ವರ್ಷಗಳ ಹಿಂದೆಯೇ ಕನ್ನಡದಲ್ಲಿ ಸಿದ್ಧವಾಗಿದೆ. ಜನ್ನ ಕವಿ 1209ರಲ್ಲಿ ಬರೆದು ಮುಗಿಸಿದ ಯಶೋಧರ ಚರಿತೆಯ ನಡುಭಾಗದಲ್ಲಿ ನಿಂತಿರುವುದು ಒಂದು ಹಿಟ್ಟಿನ ಹುಂಜ. ಕೆಟ್ಟ ಕನಸು ಕಂಡೆನೆಂದು ಹೇಳಿದ ಯಶೋಧರನಿಗೆ ತಾಯಿ ಚಂದ್ರಮತಿ ಪ್ರಾಣಿಬಲಿಯ ಶಾಂತಿಯನ್ನು ಸೂಚಿಸುತ್ತಾಳೆ. ಅರಸ ಜೀವವಧೆಗೆ ಒಪ್ಪುವುದಿಲ್ಲ. ತಾಯಿಯ ಮಾತನ್ನು ಮೀರಲೂ ಆರದೆ ಹಿಟ್ಟಿನ ಹುಂಜವೊಂದನ್ನು ಮಾಡಿಸಿ ಅದನ್ನು ಕಡಿಯಲು ಒಪ್ಪುತ್ತಾನೆ. ಹಿಟ್ಟಿಗೆ ಜೀವವಿಲ್ಲ, ನೋವಿಲ್ಲ. ಆದರೆ ಕತ್ತಿ ಎತ್ತಿದವನ ಮನಸ್ಸಿನಲ್ಲಿ ಇದ್ದದ್ದು ಕೋಳಿ. ಆ ಒಂದು ಸಂಕಲ್ಪದ ಫಲವಾಗಿ ತಾಯಿಯೂ ಮಗನೂ ನವಿಲಾಗಿ, ನಾಯಿಯಾಗಿ, ಹಾವಾಗಿ, ಮೀನಾಗಿ, ಮೊಸಳೆಯಾಗಿ, ಆಡಾಗಿ, ಕೋಳಿಗಳಾಗಿ ಹುಟ್ಟಿ ಹುಟ್ಟಿ ಇನ್ನೊಬ್ಬರ ಕೈಯಲ್ಲಿ ಸಾಯುತ್ತಾರೆ. ಗಿರೀಶ ಕಾರ್ನಾಡರು 1980ರಲ್ಲಿ ಈ ಕಥೆಯನ್ನು ನಾಟಕವಾಗಿಸಿದಾಗ ಅದಕ್ಕೆ ‘ಹಿಟ್ಟಿನ ಹುಂಜ’ವೆಂದೇ ಹೆಸರಿಟ್ಟರು. ಕಥೆಯ ಮರ್ಮ ಅಲ್ಲಿಯೇ ಇದೆಯೆಂಬುದು ಅವರಿಗೂ ಕಂಡಿತ್ತು.

‘ಅದು ಬರಿಯ ಬಣ್ಣ’ ಎನ್ನುವ ಹುಡುಗನಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಕತ್ತರಿಸಿದ್ದು ಹಿಟ್ಟೋ ಮಾಂಸವೋ ಎಂಬುದು ದ್ರವ್ಯಹಿಂಸೆಯ ಪ್ರಶ್ನೆ. ಕತ್ತರಿಸುವಾಗ ಮನಸ್ಸು ಏನನ್ನು ಬಯಸಿತ್ತು ಎಂಬುದು ಭಾವಹಿಂಸೆಯ ಪ್ರಶ್ನೆ. ಉಮಾಸ್ವಾತಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಮುಂದೆ ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳನ್ನು ಇಟ್ಟರು. ರೌದ್ರಧ್ಯಾನವನ್ನು ವಿವರಿಸುವಾಗ ಹಿಂಸೆಯಲ್ಲಿ ಆನಂದಪಡುವುದನ್ನು ಅದರ ಮೊದಲನೆಯ ಭೇದವಾಗಿ ಎಣಿಸಿದರು. ಸಮಂತಭದ್ರರು ಗೃಹಸ್ಥನಿಗೆ ಹೇಳಿದ ಅನರ್ಥದಂಡವ್ರತದ ಐದು ದೋಷಗಳಲ್ಲಿ ದುಃಶ್ರುತಿ ಒಂದು: ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳಿಗೆ ಕಿವಿಕೊಡುವುದು. ಚಲನಚಿತ್ರವೆಂಬುದು ಹುಟ್ಟುವ ಎಷ್ಟೋ ಶತಮಾನಗಳ ಮುಂಚೆ, ಕಥೆ ಕೇಳುವುದರಲ್ಲಿಯೂ ದಂಡವಿದೆಯೆಂದು ಯೋಚಿಸಿದ ಪರಂಪರೆ ಇದು.

ಇಷ್ಟನ್ನು ಓದಿ ಹಿರಿಯರು ತಮ್ಮ ವಾದ ಗೆದ್ದಿತೆಂದು ತಿಳಿಯಬಾರದು. ದುಃಶ್ರುತಿ ಎಂದರೆ ರಕ್ತದ ವರ್ಣನೆಯೆಂದೇ ಅರ್ಥವಾಗಿದ್ದರೆ ಜೈನ ಕವಿಗಳ ಅರ್ಧ ಕಾವ್ಯವನ್ನು ಬಸದಿಯ ಭಂಡಾರದಿಂದ ಹೊರಗೆ ಹಾಕಬೇಕಾಗುತ್ತದೆ. ಜನ್ನನ ಕಾವ್ಯ ತೆರೆಯುವುದೇ ಮಾರಿಯ ಗುಡಿಯ ಬೀಭತ್ಸದಲ್ಲಿ. ಅಲ್ಲಿಗೆ ಇಬ್ಬರು ಎಳೆಯರನ್ನು ಬಲಿಗಾಗಿ ಹಿಡಿದು ತರುತ್ತಾರೆ. ರನ್ನನ ಗದಾಯುದ್ಧದಲ್ಲಿ ದುಶ್ಶಾಸನನ ನೆತ್ತರಿದೆ, ಮುರಿದ ತೊಡೆಗಳಿವೆ, ಹೆಣಗಳಿಂದ ತುಂಬಿದ ರಣಭೂಮಿಯಿದೆ. ಪಂಪ 941ರಲ್ಲಿ ಆದಿಪುರಾಣವನ್ನೂ ವಿಕ್ರಮಾರ್ಜುನ ವಿಜಯವನ್ನೂ ಬರೆದ. ಭರತ-ಬಾಹುಬಲಿಗಳ ರಕ್ತರಹಿತ ಯುದ್ಧವನ್ನು ಬರೆದ ಕೈಯೇ ಕುರುಕ್ಷೇತ್ರವನ್ನೂ ಬರೆಯಿತು. ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು ಜನ ಏಕಚಕ್ರಪುರವೆಂದು ನಂಬುತ್ತಾರೆ; ದಿನಕ್ಕೊಬ್ಬ ಮನುಷ್ಯನನ್ನು ತಿನ್ನುತ್ತಿದ್ದ ಬಕಾಸುರನ ಕಥೆಯನ್ನು ಆ ಸೀಮೆಯ ಅಜ್ಜಿಯರು ಮೊಮ್ಮಕ್ಕಳಿಗೆ ಅನ್ನ ಉಣ್ಣಿಸುತ್ತ ಹೇಳಿದ್ದಾರೆ. ಸರದಿಯ ಮೇಲೆ ಸಾಯುವ ಊರವರು, ಒಂದು ಗುಹೆ, ಒಬ್ಬ ರಾಕ್ಷಸ: ಇದಕ್ಕಿಂತ ಹಳೆಯ ಸ್ಲ್ಯಾಷರ್ ಕಥೆ ಯಾವುದಿದೆ?

ಆದುದರಿಂದ ಪ್ರಶ್ನೆ ರಕ್ತದ ಪ್ರಮಾಣದ್ದಲ್ಲ. ಸರ್ವೋಚ್ಚ ನ್ಯಾಯಾಲಯವೂ 1970ರ ಕೆ. ಎ. ಅಬ್ಬಾಸ್ ಅವರ ಪ್ರಕರಣದಲ್ಲಿ ಚಿತ್ರಗಳ ಪೂರ್ವಪರಿಶೀಲನೆಯನ್ನು ಎತ್ತಿಹಿಡಿಯುತ್ತಲೇ, ಕತ್ತರಿ ಹಾಕಬೇಕಾದದ್ದು ವಸ್ತುವನ್ನು ನೋಡಿ ಅಲ್ಲ, ಆ ವಸ್ತುವನ್ನು ನಡೆಸಿಕೊಂಡ ರೀತಿಯನ್ನು ನೋಡಿ ಎಂಬ ಅರ್ಥದ ಮಾತು ಹೇಳಿತು. ನೋಡುವವನ ಮನಸ್ಸನ್ನು ಚಿತ್ರ ಯಾರ ಪಕ್ಷದಲ್ಲಿ ಕೂರಿಸುತ್ತದೆ? ಕೊಂದವನ ಪಕ್ಷದಲ್ಲಿಯೋ, ಸತ್ತವನ ಪಕ್ಷದಲ್ಲಿಯೋ? ಶ್ರಾವಕನು ಕೇಳಬೇಕಾದದ್ದು ಇದನ್ನು. ಈ ಅಳತೆಗೋಲನ್ನು ಹಿಡಿದರೆ ಅಗ್ಗದ ಸ್ಲ್ಯಾಷರ್ ಚಿತ್ರಗಳಲ್ಲಿ ಹಿರಿಯರು ಎಂದೂ ಊಹಿಸದ ಕೆಲವು ಗುಣಗಳು ಕಾಣುತ್ತವೆ. ಕಿರಿಯರು ಒಪ್ಪಲಾರದ ಕೆಲವು ದೋಷಗಳೂ ಕಾಣುತ್ತವೆ.

ಗುಣವನ್ನು ಮೊದಲು ಹೇಳುವುದು ನ್ಯಾಯ. ಬಡತನ ಈ ಚಿತ್ರಗಳಿಗೆ ಒಂದು ಬಗೆಯ ಸಂಯಮವನ್ನು ಕಲಿಸಿತು. ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ತೆಗೆದಾಗ ದೂರದರ್ಶನದ ಕೆಲಸಗಾರರನ್ನು ಕಟ್ಟಿಕೊಂಡು ಕಪ್ಪು-ಬಿಳುಪಿನಲ್ಲಿ ತೆಗೆದ. ಸ್ನಾನದ ಕೋಣೆಯಲ್ಲಿ ಹರಿದ ‘ನೆತ್ತರು’ ಚಾಕೊಲೇಟಿನ ಪಾಕ. 1974ರ ‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ ಚಿತ್ರದ ಹೆಸರು ಕೇಳಿಯೇ ಜನ ಹೆದರುತ್ತಾರೆ, ಆದರೆ ಅದರಲ್ಲಿ ತೆರೆಯ ಮೇಲೆ ಕಾಣುವ ರಕ್ತ ಆಶ್ಚರ್ಯವಾಗುವಷ್ಟು ಕಡಮೆ. ಕಡಮೆ ಕಠಿಣವಾದ ಪ್ರಮಾಣಪತ್ರ ಸಿಗಬಹುದೆಂಬ ಆಸೆಯಿಂದ ನಿರ್ದೇಶಕ ಟೋಬ್ ಹೂಪರ್ ಕೈ ಹಿಡಿದು ತೆಗೆದಿದ್ದ. ಜಾನ್ ಕಾರ್ಪೆಂಟರ್‌ನ 1978ರ ‘ಹ್ಯಾಲೋವೀನ್’ ಸುಮಾರು 3 ಲಕ್ಷ ಡಾಲರುಗಳಲ್ಲಿ ಮುಗಿಯಿತು. ಕೊಲೆಗಾರನ ಮುಖವಾಡವನ್ನು ಎರಡು ಡಾಲರಿಗಿಂತ ಕಡಮೆ ಬೆಲೆಗೆ ಅಂಗಡಿಯಲ್ಲಿ ಕೊಂಡು ಬಿಳಿ ಬಣ್ಣ ಬಳಿದರು. ವಸಂತಕಾಲದಲ್ಲಿ ತೆಗೆಯುತ್ತಿದ್ದ ಚಿತ್ರಕ್ಕೆ ಎಲೆ ಉದುರುವ ಕಾಲದ ನೋಟ ಬೇಕಾಗಿ, ಬಣ್ಣ ಹಚ್ಚಿದ ಎಲೆಗಳನ್ನು ಒಂದು ಬೀದಿಯಲ್ಲಿ ಹರಡಿ, ಚಿತ್ರೀಕರಣವಾದ ಮೇಲೆ ಗುಡಿಸಿ ತುಂಬಿಕೊಂಡು ಇನ್ನೊಂದು ಬೀದಿಯಲ್ಲಿ ಹರಡಿದರು. ಸಂಗೀತವನ್ನು ನಿರ್ದೇಶಕನೇ ಮಾಡಿಕೊಂಡ. ಗಳಿಕೆ ಸುಮಾರು 7 ಕೋಟಿ ಡಾಲರು. ಉಗ್ರಾಣದಲ್ಲಿ ಗೋಣಿಚೀಲವನ್ನು ಮೂರು ಸಲ ಬಳಸುವ ವರ್ತಕನಿಗೆ ಈ ಲೆಕ್ಕ ಅರ್ಥವಾಗದಿರದು.

ಕನ್ನಡದಲ್ಲಿಯೂ ಈ ಬಗೆಯ ಮಿತವ್ಯಯದ ಜಾಣತನಕ್ಕೆ ಉದಾಹರಣೆಗಳಿವೆ. ಅದೇ 1978ರಲ್ಲಿ ಕಾಶೀನಾಥರ ‘ಅಪರಿಚಿತ’ ಬಂದಿತು. ತಾರೆಯರ ಮೆರವಣಿಗೆಯಿಲ್ಲದೆ, ಯಾರನ್ನು ನಂಬಬೇಕೆಂಬ ಅನುಮಾನವೊಂದನ್ನೇ ಬಂಡವಾಳವಾಗಿ ಇಟ್ಟುಕೊಂಡು. 1993ರಲ್ಲಿ ಉಪೇಂದ್ರರ ‘ಶ್!’ ಚಿತ್ರೀಕರಣಕ್ಕೆ ಬಂದ ತಂಡದ ನಡುವೆಯೇ ಕೊಲೆಗಳನ್ನು ನಡೆಸಿ, ನಿಜ ಯಾವುದು ನಟನೆ ಯಾವುದು ಎಂದು ಪ್ರೇಕ್ಷಕನನ್ನೇ ಕೆಣಕಿತು. 2013ರ ‘6-5=2’ ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ಉಳಿದ ದೃಶ್ಯಗಳೆಂಬ ನೆಪದಲ್ಲಿ ಕಥೆ ಹೇಳಿತು; ಅಲುಗುವ ಚಿತ್ರವೇ ಅದರ ಶೈಲಿ, ಅದೇ ಅದರ ಉಳಿತಾಯ. ಇವೆಲ್ಲ ಒಂದೇ ತೂಕದ ಚಿತ್ರಗಳೆಂದು ಹೇಳಲಾಗದು. ಆದರೆ ಕಾಣದಿರುವುದು ಕಾಣುವುದಕ್ಕಿಂತ ಬಲವಾದದ್ದೆಂಬುದನ್ನು ಇವು ಹಣವಿಲ್ಲದ ಕಾರಣದಿಂದಲೇ ಕಲಿತುವು.

ಎರಡನೆಯ ಗುಣ ಇನ್ನೂ ಮುಖ್ಯವಾದದ್ದು. ಒಳ್ಳೆಯ ಸ್ಲ್ಯಾಷರ್ ಚಿತ್ರದಲ್ಲಿ ಕೊಲೆಗಾರ ಯಾರಿಗೂ ಬೇಕಾದವನಲ್ಲ. ಅವನಿಗೆ ಮುಖವಿಲ್ಲ, ಮಾತಿಲ್ಲ, ಹಾಡಿಲ್ಲ. ಪ್ರೇಕ್ಷಕ ಅವಿತು ಕುಳಿತವಳ ಉಸಿರನ್ನು ಉಸಿರಾಡುತ್ತಾನೆ. ಕೊನೆಯಲ್ಲಿ ಉಳಿಯುವವಳು ಸಾಮಾನ್ಯವಾಗಿ ಎಚ್ಚರವಾಗಿದ್ದವಳು. ಬಾಗಿಲ ಸದ್ದನ್ನು ಕೇಳಿಸಿಕೊಂಡವಳು, ಕಿಟಕಿಯಾಚೆ ನೋಡಿದವಳು. ಮೈಮರೆತವರೇ ಮೊದಲು ಸಾಯುವರು. ಒಂದು ಕ್ಷಣವೂ ಪ್ರಮಾದ ಬೇಡವೆಂದು ಮಹಾವೀರಸ್ವಾಮಿ ಗೌತಮನಿಗೆ ಮತ್ತೆ ಮತ್ತೆ ಹೇಳಿದ್ದನ್ನು ಬಲ್ಲವರಿಗೆ ಈ ವಿನ್ಯಾಸ ತೀರ ಅಪರಿಚಿತವೆನಿಸದು. (ಈ ಹೋಲಿಕೆಯನ್ನು ಹೆಚ್ಚು ದೂರ ಎಳೆಯಲಾಗದು, ಗೌತಮಸ್ವಾಮಿಗೆ ಹೇಳಿದ್ದು ಆತ್ಮದ ಎಚ್ಚರವೇ ಹೊರತು ಚಿಲಕದ ಎಚ್ಚರವಲ್ಲ.)

ಇದರ ಪಕ್ಕದಲ್ಲಿ, ಯಾವ ಟ್ರಸ್ಟೂ ಯಾವ ನಿರ್ಣಯವನ್ನೂ ಮಾಡದ ಇನ್ನೊಂದು ಬಗೆಯ ಚಿತ್ರಗಳನ್ನು ಇಟ್ಟು ನೋಡಬೇಕು. ಕೋಟಿಗಟ್ಟಲೆ ಬಂಡವಾಳದ ತಾರಾಚಿತ್ರಗಳಲ್ಲಿ ಮಚ್ಚು ಹಿಡಿದವನೇ ನಾಯಕ. ಅವನು ಇಪ್ಪತ್ತು ಜನರನ್ನು ಕಡಿದಾಗ ಹಿನ್ನೆಲೆಯಲ್ಲಿ ಜಯಘೋಷ, ಚಿತ್ರಮಂದಿರದಲ್ಲಿ ಶಿಳ್ಳೆ, ಹೊರಗೆ ಅವನ ಕಟೌಟಿಗೆ ಕ್ಷೀರಾಭಿಷೇಕ. ಗೌರಿಬಿದನೂರಿನಿಂದ ಹಿಂದೂಪುರ ಎಷ್ಟು ದೂರ? ಅನಂತಪುರ ಸೀಮೆಯ ನಿಜವಾದ ಹಗೆತನದ ಕೊಲೆಗಳೇ ರಾಮಗೋಪಾಲ ವರ್ಮರ 2010ರ ‘ರಕ್ತಚರಿತ್ರ’ಕ್ಕೆ ಕಥೆಯಾದುವು, ಅದಕ್ಕೂ ಮುಂಚೆ ಹತ್ತಾರು ತೆಲುಗು ಚಿತ್ರಗಳು ಅದೇ ಹಗೆತನವನ್ನು ಪೌರುಷವೆಂದು ಮಾರಿದ್ದುವು. ಆ ಚಿತ್ರಗಳಿಗೆ ಕುಟುಂಬಸಮೇತ ಹೋಗಿ ಬಂದವರು, ಮನೆಯಲ್ಲಿ ಮಗ ಮೊಬೈಲಿನಲ್ಲಿ ಮುಖವಾಡದ ಕೊಲೆಗಾರನನ್ನು ನೋಡಿದರೆ ಹೌಹಾರುತ್ತಾರೆ. ಕೃತ, ಕಾರಿತ, ಅನುಮತ ಎಂಬ ಮೂರರಲ್ಲಿ ಮೂರನೆಯದು ಎಲ್ಲಿ ಹೆಚ್ಚು? ಹೆದರಿ ಕಣ್ಣುಮುಚ್ಚಿದವನಲ್ಲಿಯೋ, ಕಡಿದವನಿಗೆ ಚಪ್ಪಾಳೆ ತಟ್ಟಿದವನಲ್ಲಿಯೋ? ಮುಖವಾಡದವನನ್ನು ಕಂಡು ಹುಟ್ಟುವುದು ಭಯ. ನಾಯಕನನ್ನು ಕಂಡು ಹುಟ್ಟುವುದು ಅನುಮೋದನೆ. ಭಯವೂ ಒಂದು ನೋಕಷಾಯವೇ, ಒಪ್ಪಿದ ಮಾತು. ಆದರೆ ಹಿಂಸಾನಂದಿ ರೌದ್ರಧ್ಯಾನವೆಂದು ಹೇಳಿದ್ದು ಭಯವನ್ನಲ್ಲ.

ಇಲ್ಲಿಗೆ ಗುಣದ ಲೆಕ್ಕ ಮುಗಿಯಿತು. ದೋಷದ ಲೆಕ್ಕ ದೊಡ್ಡದು.

ರನ್ನನ ದುರ್ಯೋಧನ ರಣಭೂಮಿಯಲ್ಲಿ ನಡೆಯುವಾಗ ಒಂದೊಂದು ಹೆಣದ ಮುಂದೆಯೂ ನಿಲ್ಲುತ್ತಾನೆ. ದ್ರೋಣನ ಮುಂದೆ, ತಮ್ಮನ ಮುಂದೆ, ಮಗನ ಮುಂದೆ, ಕರ್ಣನ ಮುಂದೆ. ಪ್ರತಿಯೊಂದು ಹೆಣಕ್ಕೂ ಹೆಸರಿದೆ, ಅಳುವವನೊಬ್ಬನಿದ್ದಾನೆ. ಆ ಅಳುವಿನಿಂದಲೇ ಅಷ್ಟು ರಕ್ತ ಕರುಣರಸವಾಗುತ್ತದೆ. ಸ್ಲ್ಯಾಷರ್ ಚಿತ್ರದಲ್ಲಿ ಸತ್ತವನಿಗಾಗಿ ಯಾರೂ ಅಳುವುದಿಲ್ಲ. ಅಳಲು ಸಮಯವಿಲ್ಲ; ಮುಂದಿನ ಸಾವಿನ ಸರದಿ ಬಂದಿರುತ್ತದೆ. ತಂದೆತಾಯಿಗಳಿಗೆ ಸುದ್ದಿ ಮುಟ್ಟುವ ದೃಶ್ಯವಿಲ್ಲ, ಸೂತಕವಿಲ್ಲ, ಹನ್ನೊಂದನೆಯ ದಿನವಿಲ್ಲ. ಸಾವು ಒಂದು ಸಂಖ್ಯೆಯಾಗುತ್ತದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಿಡಿದು ಸೇರಿದ್ದವರ ಮೇಲೆ ಗುಂಡು ಹಾರಿತು. ಇಂದಿಗೂ ಅಲ್ಲಿ ಸ್ಮಾರಕವಿದೆ. ಸತ್ತವರನ್ನು ಮರೆಯದಿರುವುದು ಈ ಸೀಮೆಯ ಜನರಿಗೆ ಗೊತ್ತಿರುವ ವಿಷಯ. ಸಾವನ್ನು ನೋಡಿ ‘ಆರನೆಯದು’ ಎಂದು ಎಣಿಸುವ ಅಭ್ಯಾಸ ಹೊರಗಿನಿಂದ ಕಲಿತದ್ದು.

ಎರಡನೆಯ ದೋಷ ವ್ಯಾಪಾರದ್ದು. ಮೊದಲ ಚಿತ್ರದಲ್ಲಿ ಬಂಡವಾಳವಿಲ್ಲದೆ ಬಂದ ಸಂಯಮ, ಲಾಭ ಬಂದ ಮೇಲೆ ಉಳಿಯುವುದಿಲ್ಲ. ‘ಹ್ಯಾಲೋವೀನ್’ ಗೆದ್ದುದನ್ನು ಕಂಡು 1980ರಲ್ಲಿ ‘ಫ್ರೈಡೇ ದಿ ಥರ್ಟೀನ್ತ್’ ಬಂದಿತು. ಆಮೇಲೆ ಅದರ ಭಾಗಗಳು ಸಾಲುಗಟ್ಟಿದುವು. ಪ್ರತಿ ಭಾಗದಲ್ಲಿಯೂ ಕಥೆ ಸಣ್ಣದಾಗುತ್ತ, ಕೊಲ್ಲುವ ವಿಧಾನ ದೊಡ್ಡದಾಗುತ್ತ ಹೋಯಿತು. ಮುಖವಿಲ್ಲದ ಕೊಲೆಗಾರ ಕ್ರಮೇಣ ಚಿತ್ರದ ತಾರೆಯಾದ. ಅವನ ಮುಖವಾಡ ಮಕ್ಕಳ ಆಟಿಕೆಯ ಅಂಗಡಿಯಲ್ಲಿ ಮಾರಾಟವಾಯಿತು. ಹೀಗೆ, ಯಾರಿಗೂ ಬೇಡವಾದವನಾಗಿದ್ದ ಎಂಬ ಹಿಂದೆ ಹೇಳಿದ ಗುಣವೂ ಕೈಬಿಟ್ಟುಹೋಯಿತು. ಈಚಿನ ಉದಾಹರಣೆ ಡೇಮಿಯನ್ ಲಿಯೋನ್‌ನ ‘ಟೆರಿಫೈಯರ್’ ಸರಣಿ. 2022ರ ಎರಡನೆಯ ಭಾಗಕ್ಕೆ ತಗಲಿದ್ದು ಸುಮಾರು 2.5 ಲಕ್ಷ ಡಾಲರು. 2024ರ ಮೂರನೆಯ ಭಾಗಕ್ಕೆ ಸುಮಾರು 20 ಲಕ್ಷ; ಗಳಿಕೆ ಅದರ ನಲವತ್ತು ಪಟ್ಟು ಮೀರಿತು. ಅಲ್ಲಿ ಕೊಲೆಗಾರ ವಿದೂಷಕನ ವೇಷದಲ್ಲಿ ನಗಿಸುತ್ತ ಕೊಲ್ಲುತ್ತಾನೆ, ಸಭಾಂಗಣ ನಗುತ್ತದೆ. ಸ್ವತಂತ್ರ ಚಿತ್ರವೆಂಬ ಮಾತ್ರಕ್ಕೆ ಇದನ್ನು ಮೆಚ್ಚುವವರಿದ್ದಾರೆ. ಸ್ವಂತ ಬಂಡವಾಳದಲ್ಲಿ ವಿಷ ಮಾರಿದರೆ ಅದು ಗೃಹಕೈಗಾರಿಕೆಯಾಗುವುದಿಲ್ಲ.

ಮೂರನೆಯದು: ‘ಅಲ್ಲಿ ಸತ್ತವರು ಯಾರೂ ಇಲ್ಲ’ ಎಂಬ ಮಾತು ಎಲ್ಲ ಕಡೆಯೂ ನಿಜವಲ್ಲ. ‘ಫ್ರೈಡೇ ದಿ ಥರ್ಟೀನ್ತ್’ನಲ್ಲಿ ಕೋಣೆಯೊಳಗೆ ಸಿಕ್ಕಿದ ಹಾವನ್ನು ಕಡಿಯುವ ದೃಶ್ಯವಿದೆ, ಆ ಹಾವು ನಿಜವಾದದ್ದು, ಅದರ ಸಾವೂ ನಿಜ. ಅದೇ ವರ್ಷದ ಇಟಲಿಯ ‘ಕ್ಯಾನಿಬಲ್ ಹೋಲೊಕಾಸ್ಟ್’ನಲ್ಲಿ ಆಮೆಯೇ ಮೊದಲಾಗಿ ಹಲವು ಪ್ರಾಣಿಗಳನ್ನು ಕ್ಯಾಮೆರಾದ ಮುಂದೆಯೇ ಕೊಂದರು. ನಟನ ಕತ್ತಿಗೆ ರಬ್ಬರಿನ ಅಲಗನ್ನು ಕೊಡಲು ಹಣವಿದ್ದವರಿಗೆ ಹಾವಿನ ಮಟ್ಟಿಗೆ ಆ ಕಾಳಜಿ ಹುಟ್ಟಲಿಲ್ಲ. ಭಾರತದಲ್ಲಿ 2001ರ ನಿಯಮಗಳ ಮೇಲೆ ಚಿತ್ರದಲ್ಲಿ ಪ್ರಾಣಿಗಳನ್ನು ಬಳಸುವುದಕ್ಕೆ ಕಟ್ಟುಪಾಡು ಬಂದಿದೆ. ಸಣ್ಣ ಚಿತ್ರಗಳು ಅದನ್ನು ಪಾಲಿಸುತ್ತವೆಯೇ ಎಂದು ಕೇಳುವ ಹಕ್ಕು ಬೇರೆ ಯಾರಿಗಿಂತಲೂ ಜೈನ ಪ್ರೇಕ್ಷಕನಿಗೆ ಹೆಚ್ಚು. ಹಳೆಯ ಫಿಲಂ ಸುರುಳಿಯ ಲೇಪನಕ್ಕೂ ದನದ ಎಲುಬು-ತೊಗಲುಗಳಿಂದ ಬಂದ ಜಿಲೆಟಿನ್ನೇ ಆಧಾರವಾಗಿತ್ತೆಂಬುದು ಭಕ್ತಿಪ್ರಧಾನ ಚಿತ್ರಗಳಿಗೂ ಅನ್ವಯಿಸುತ್ತಿದ್ದ ಮಾತು. ಡಿಜಿಟಲ್ ಕ್ಯಾಮೆರಾ ಬಂದು ಆ ಒಂದು ದೋಷವನ್ನು ಕಳೆಯಿತು.

ನಾಲ್ಕನೆಯದು ಮನೆಗೆ ಹತ್ತಿರದ್ದು. ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗುವ ಬಸ್ಸು ಹೊಸಕೋಟೆಯನ್ನು ಹಾದು ಹೋಗುತ್ತದೆ. ಹೊಸಕೋಟೆಯ ಸಮೀಪದ ದಂಡುಪಾಳ್ಯವೆಂಬ ಹಳ್ಳಿಯ ಹೆಸರನ್ನು ಹೊತ್ತ ದರೋಡೆಕೋರರ ಗುಂಪು ಒಂಟಿ ಮನೆಗಳಿಗೆ ನುಗ್ಗಿ ಕೊರಳು ಕೊಯ್ದು ಒಡವೆ ದೋಚುತ್ತಿದ್ದ ದಿನಗಳನ್ನು ಈ ಸೀಮೆಯವರು ಮರೆತಿಲ್ಲ; ಹಗಲು ಹೊತ್ತಿನಲ್ಲಿ ನೀರು ಕೇಳಿ ಬಂದವರಿಗೆ ಬಾಗಿಲು ತೆರೆಯಲು ಹೆಂಗಸರು ಅಂಜುತ್ತಿದ್ದರು. 2012ರಲ್ಲಿ ಅದೇ ‘ದಂಡುಪಾಳ್ಯ’ ಎಂಬ ಹೆಸರಿನಲ್ಲಿ ಶ್ರೀನಿವಾಸರಾಜು ಅವರ ಚಿತ್ರ ಬಂದಿತು. ಪುರುಷ ತಾರೆಯ ಬಲವಿಲ್ಲದೆಯೂ ಚೆನ್ನಾಗಿ ಓಡಿತು, 2017ರಲ್ಲಿಯೂ 2018ರಲ್ಲಿಯೂ ಮುಂದಿನ ಭಾಗಗಳು ಬಂದುವು. ಆ ಚಿತ್ರದಲ್ಲಿ ಕೊಲೆಗಾರರ ಹೆಸರು, ಮಾತು, ಚಹರೆ ಎಲ್ಲವೂ ನೋಡಿದವರ ನೆನಪಿನಲ್ಲಿವೆ. ಕೊರಳು ಕೊಯ್ಯಿಸಿಕೊಂಡವರ ಹೆಸರು ಯಾರಿಗೆ ನೆನಪಿದೆ? ಅವರು ನಿಜವಾಗಿ ಬದುಕಿದ್ದ ಜನ. ಅವರ ಮಕ್ಕಳು ಇನ್ನೂ ಎಲ್ಲಿಯೋ ಇದ್ದಾರೆ. ಆ ಹಳ್ಳಿಯಲ್ಲಿ ಯಾವ ಅಪರಾಧವನ್ನೂ ಮಾಡದ ರೈತನೊಬ್ಬ ತನ್ನ ಊರಿನ ಹೆಸರು ಹೇಳಿಕೊಂಡು ಹೆಣ್ಣು ಕೇಳಲು ಹೋಗಬೇಕಾದಾಗ ಏನಾದೀತು ಎಂಬುದನ್ನು ಚಿತ್ರದ ಲಾಭನಷ್ಟದ ಪಟ್ಟಿಯಲ್ಲಿ ಯಾರೂ ಬರೆದಿಲ್ಲ. ಹಿಟ್ಟಿನ ಹುಂಜ ಇಲ್ಲಿ ಹಿಟ್ಟಿನದಾಗಿ ಉಳಿಯಲಿಲ್ಲ.

ಇದೇ ವಸ್ತುವನ್ನು ಬೇರೆ ರೀತಿಯಲ್ಲಿ ನಡೆಸಿಕೊಳ್ಳಬಹುದೆಂಬುದಕ್ಕೆ ದಯಾಳ್ ಪದ್ಮನಾಭನ್ ಅವರ 2018ರ ‘ಆ ಕರಾಳ ರಾತ್ರಿ’ ಸಾಕ್ಷಿ. ಮೋಹನ ಹಬ್ಬು ಅವರ ನಾಟಕವನ್ನು ಆಧರಿಸಿದ ಇದೂ ಸ್ವಲ್ಪ ಹಣದ ಚಿತ್ರವೇ. ಒಂದು ಮನೆ, ಒಂದು ರಾತ್ರಿ, ಬಡ ಕುಟುಂಬವೊಂದು, ಹಣದ ಚೀಲದೊಡನೆ ಬಂದ ಅತಿಥಿಯೊಬ್ಬ. ಪ್ರೇಕ್ಷಕನಿಗೆ ತೋರುವುದು ಚೂರಿಯ ಕೆಲಸಕ್ಕಿಂತ ಲೋಭದ ಕೆಲಸ. ಅದು ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ಹೇಗೆ ದಾಟುತ್ತದೆ ಎಂಬುದು. ಕೊಲೆಯಾದ ಮೇಲೆ ಸತ್ತವನು ಯಾರೆಂದು ತಿಳಿಯುತ್ತದೆ, ಅಲ್ಲಿಂದ ಅಳು ಆರಂಭವಾಗುತ್ತದೆ. ಪಾಠಶಾಲೆಯಲ್ಲಿ ನಾಲ್ಕು ಕಷಾಯಗಳನ್ನು ಬಾಯಿಪಾಠ ಮಾಡಿಸುವ ಗುರುಗಳು ಲೋಭವನ್ನು ವಿವರಿಸಲು ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವನ್ನು ಹುಡುಕಬೇಕಾಗಿಲ್ಲ. ದೊಡ್ಡ ಮಕ್ಕಳಿಗೆ ಎಂಬ ಎಚ್ಚರಿಕೆಯೊಡನೆ.

ಈಗ ಬರುವುದು ಈ ಲೇಖನಕ್ಕೆ ನಿಜವಾದ ಕಾರಣ. ಸಣ್ಣ ಚಿತ್ರಗಳಿಗೆ ಬ್ಯಾಂಕು ಸುಲಭವಾಗಿ ಸಾಲ ಕೊಡುವುದಿಲ್ಲ. ಹಣ ಬರುವುದು ಖಾಸಗಿ ಸಾಲಗಾರರಿಂದ, ಮೂರು ತಿಂಗಳ, ಆರು ತಿಂಗಳ ಹುಂಡಿಯ ಮೇಲೆ. ಆ ಸಾಲ ಕೊಡುವವರಲ್ಲಿ ಜೈನ ವರ್ತಕರೂ ಇದ್ದಾರೆಂಬುದು ಯಾರಿಗೂ ಗುಟ್ಟಲ್ಲ. ಕೇಳಿದರೆ ಉತ್ತರ ಸಿದ್ಧವಾಗಿದೆ: ‘ಬಡ್ಡಿ ನಮ್ಮದು, ಕಥೆ ಅವರದು.’ ಈ ಉತ್ತರ ಲೆಕ್ಕದ ಪುಸ್ತಕದಲ್ಲಿ ಸರಿ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಬೇರೆ ಲೆಕ್ಕವನ್ನು ಇಡುತ್ತದೆ. ಯೋಚಿಸುವುದು, ಸಾಧನ ಕೂಡಿಸುವುದು, ಆರಂಭಿಸುವುದು ಎಂಬ ಮೂರು, ಮನಸ್ಸು, ಮಾತು, ಕಾಯ ಎಂಬ ಮೂರು, ಮಾಡುವುದು, ಮಾಡಿಸುವುದು, ಒಪ್ಪುವುದು ಎಂಬ ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ 108. ಸಾಧನ ಕೂಡಿಸಿದವನೂ ಮಾಡಿಸಿದವನೂ ಆ 108ರ ಒಳಗೇ ಇದ್ದಾರೆ. ಚೂರಿಯನ್ನು ಬಾಡಿಗೆಗೆ ಕೊಟ್ಟವನು ಬಾಡಿಗೆ ಮಾತ್ರ ನನ್ನದೆಂದು ಹೇಳಿದರೆ ಹಿಂಸಾದಾನವೆಂಬ ಅನರ್ಥದಂಡ ಯಾರಿಗಾಗಿ ಹೇಳಿದ್ದು? ಮಗ ನೋಡಿದರೆ ದುಃಶ್ರುತಿ, ತಂದೆ ಸಾಲ ಕೊಟ್ಟರೆ ವ್ಯಾಪಾರ. ಈ ನ್ಯಾಯ ಯಾವ ಶ್ರಾವಕಾಚಾರದಲ್ಲಿದೆ? ಆ ಬಡ್ಡಿಯ ಹಣದ ಒಂದು ಪಾಲು ಪಂಚಕಲ್ಯಾಣದ ಬೋಲಿಯಲ್ಲಿ ಟ್ರಸ್ಟಿಗೆ ಬಂದಾಗ ಕೂಗುವವರು ಹೆಸರನ್ನು ಗಟ್ಟಿಯಾಗಿಯೇ ಕೂಗುತ್ತಾರೆ.

ಕಲೆಗೆ ಜೈನರು ಹಣ ಹಾಕಬಾರದೆಂದು ಇದರ ಅರ್ಥವಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ರನ್ನನಿಗೆ ಆಶ್ರಯಕೊಟ್ಟು 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದಳು. ಅವಳು ಬಡ್ಡಿಯ ದರವನ್ನಷ್ಟೇ ನೋಡಿ ಕವಿಗೆ ಹಣ ಕೊಟ್ಟವಳಲ್ಲ, ಏನನ್ನು ಬರೆಯಿಸುತ್ತಿರುವೆನೆಂಬುದನ್ನು ಅರಿತು ಕೊಟ್ಟವಳು.

ನಿರ್ಣಯ ಮಾಡುವ ಸಭೆಯನ್ನು ಕುರಿತೂ ಒಂದು ಮಾತು ಬಾಕಿ ಇದೆ. ಅದು ಅನೇಕರಿಗೆ ಹಿತವಾಗದು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿಂದ ಗೂಡುಗಳು ಬಿಚ್ಚಾಣಿಕೆಯ ಮನೆಗಳಿಗೆ ಹೋಗುತ್ತವೆ. ನೂಲು ತುಂಡಾಗಬಾರದೆಂದು, ಪತಂಗ ಗೂಡನ್ನು ಕೊರೆದು ಹೊರಬರುವ ಮುಂಚೆ, ಒಳಗಿನ ಜೀವ ಸಹಿತ ಅವನ್ನು ಬೇಯಿಸುತ್ತಾರೆ. ಒಂದು ಕಿಲೋ ರೇಷ್ಮೆಗೆ ಸಾವಿರಾರು ಗೂಡುಗಳು ಬೇಕು. ಅಲ್ಲಿ ಬಣ್ಣದ ನೀರಿಲ್ಲ, ಹಿಟ್ಟಿನ ಹುಂಜವಿಲ್ಲ. ಬಿಚ್ಚಾಣಿಕೆಯ ಕೆಲಸಗಾರರು ಬಿಸಿನೀರಿನಲ್ಲಿ ಕೈಬೆರಳು ಬೇಯಿಸಿಕೊಂಡು ಹೊಟ್ಟೆ ಹೊರೆಯುವ ಬಡವರು. ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಅಲ್ಲಿಂದ ಬಂದ ಮಡಿಯನ್ನುಟ್ಟು ಅಭಿಷೇಕ ಮುಗಿಸಿ, ಅದೇ ಮಡಿಯಲ್ಲಿ ಸಭೆಗೆ ಬಂದು, ಮಕ್ಕಳು ಕೃತಕ ರಕ್ತವನ್ನು ನೋಡಬಾರದೆಂದು ಕೈಯೆತ್ತುವವರು ಕೈಯ ಮೇಲಿನ ಬಟ್ಟೆಯ ಕಡೆಗೂ ಒಮ್ಮೆ ನೋಡಬೇಕು. ರೇಷ್ಮೆಯನ್ನು ಬಿಟ್ಟು ಹತ್ತಿಯನ್ನು ಉಡಬೇಕೆಂದು ಮುನಿಗಳು ಎಷ್ಟೋ ಸಲ ಹೇಳಿದ್ದಾರೆ. ಮಕ್ಕಳು ಇದನ್ನು ಗಮನಿಸುವುದಿಲ್ಲವೆಂದು ತಿಳಿಯುವುದು ಭ್ರಮೆ. ಹಿರಿಯರ ಮಾತನ್ನು ಅವರು ಕೇಳದಿರಲು ಇರುವ ಕಾರಣಗಳಲ್ಲಿ ಇದೂ ಒಂದು.

ಕಾನೂನಿನಿಂದ ಹೆಚ್ಚೇನನ್ನೂ ನಿರೀಕ್ಷಿಸುವಂತಿಲ್ಲ. 1952ರ ಸಿನಿಮಾಟೋಗ್ರಾಫ್ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಗಿ, ಯು/ಎ ಪ್ರಮಾಣಪತ್ರವನ್ನು 7, 13, 16 ವರ್ಷಗಳ ಮೇಲಿನವರಿಗೆಂದು ಮೂರು ಭಾಗ ಮಾಡಿದ್ದಾರೆ. ‘ಎ’ ಪತ್ರವುಳ್ಳ ಚಿತ್ರ 18 ತುಂಬಿದವರಿಗೆ ಮಾತ್ರ. ಇದು ಚಿತ್ರಮಂದಿರದ ಬಾಗಿಲಲ್ಲಿ ನಿಂತವನು ನೋಡಬೇಕಾದ ಮಾತು; ಅಂಗೈಯ ಪರದೆಗೆ ಬಾಗಿಲೂ ಇಲ್ಲ, ಬಾಗಿಲು ಕಾಯುವವನೂ ಇಲ್ಲ. ಅಲ್ಲಿ ಕಾಯುವವರು ತಂದೆತಾಯಿಗಳು ಮಾತ್ರ. ಅವರು ಕಾಯಬೇಕಾದರೆ ಮೊದಲು ಮಗನ ಪಕ್ಕದಲ್ಲಿ ಕುಳಿತು ಅವನು ನೋಡುವುದನ್ನು ತಾವೂ ನೋಡಬೇಕು. ನೋಡಿ, ಸತ್ತವಳ ಹೆಸರೇನಿತ್ತು ಎಂದು ಅವನನ್ನು ಕೇಳಬೇಕು. ಅವನಿಗೆ ಹೆಸರು ನೆನಪಿದ್ದರೆ ಆ ಚಿತ್ರದಿಂದ ಅಷ್ಟು ಕೇಡಾಗಿಲ್ಲ. ಕೊಂದವನ ಹೆಸರಷ್ಟೇ ನೆನಪಿದ್ದರೆ ಯಶೋಧರನ ಕಥೆಯನ್ನು ಹೇಳುವುದಕ್ಕೆ ಅದೇ ಹೊತ್ತು.

ಟ್ರಸ್ಟುಗಳು ನಿರ್ಣಯವನ್ನು ಮಾಡುವುದೇ ಆದರೆ ಅದು ನೋಡುವ ಮಕ್ಕಳನ್ನು ಕುರಿತದ್ದಾಗಬೇಕಿಲ್ಲ, ಕೊಡುವ ದೊಡ್ಡವರನ್ನು ಕುರಿತದ್ದಾಗಲಿ. ಚಿತ್ರಕ್ಕೆ ಸಾಲ ಕೊಡುವ ಸದಸ್ಯನು ಹುಂಡಿಗೆ ಸಹಿ ಹಾಕುವ ಮುಂಚೆ ಕಥೆಯ ಪ್ರತಿಯನ್ನು ಓದಲಿ. ಜಮೀನಿನ ಪತ್ರವನ್ನು ಮೂವತ್ತು ವರ್ಷ ಹಿಂದಕ್ಕೆ ಓದುವವರಿಗೆ ಇದು ಕಷ್ಟವಲ್ಲ. ಯಾವ ಪ್ರಾಣಿಗೂ ಹಾನಿಯಾಗುವುದಿಲ್ಲವೆಂದು ಕರಾರಿನಲ್ಲಿಯೇ ಬರೆಯಿಸಿಕೊಳ್ಳಲಿ. ನಿಜವಾಗಿ ನಡೆದ ಕೊಲೆಯ ಕಥೆಯಾದರೆ ಸತ್ತವರ ಮನೆಯವರನ್ನು ಕಂಡು ಕೇಳಿದ್ದೀರಾ ಎಂದು ನಿರ್ಮಾಪಕನನ್ನು ವಿಚಾರಿಸಲಿ, ಇಲ್ಲವೆಂದರೆ ಹಣವನ್ನು ಪೆಟ್ಟಿಗೆಯಲ್ಲಿಯೇ ಇಟ್ಟುಕೊಳ್ಳಲಿ. ಬರುವ ದಶಲಕ್ಷಣ ಪರ್ವದ ಆಕಿಂಚನ್ಯದ ದಿನ ಈ ನಿರ್ಣಯ ಸಭೆಯ ಮುಂದೆ ಬರಬಹುದು. ಅದನ್ನು ಓದಿ ಹೇಳುವವರು ಹತ್ತಿಯ ಪಂಚೆಯುಟ್ಟು ಬಂದರೆ ಸಾಕು.